ರಾಧಿಕಾಳ ಪಾಲಿನ ಫೋಟೋಗಳು

ನನ್ನ ತಮ್ಮ ಸುಯೋಗ ಊಟಕ್ಕೆ ಕೂತರೆ ಮನೆಯವರೆಲ್ಲ ಕೈ ತೊಳೆದು, ತಾಟು ಬೆಳಗಿಟ್ಟು, ಒಂದು ಸಣ್ಣ ನಿದ್ದೆ ತೆಗೆದು ಎದ್ದರೂ ಅವನ ಎರಡನೆಯ ಚಪಾತಿ ಮುಗಿದಿರುವುದಿಲ್ಲ. ನಾನು ಇದ್ದದ್ದಕ್ಕೆ ಉಪ್ಪುಖಾರ ಹಚ್ಚುತ್ತೇನೆ ಎಂದು ಅವನು ದೂರುತ್ತಾನೆ. ದೂರುವುದಕ್ಕೂ ಅವನಿಗೆ ಅಷ್ಟೇ ಹೊತ್ತು ಬೇಕು. ನಮ್ಮದು ಹೊತ್ತು ಮುಳುಗುವುದರೊಳಗೆ ಉಣ್ಣುವ ಜೈನ ಮನೆ. ಹಾಗಾಗಿ ನಮ್ಮವ್ವ ಕಾಂತಾ ಎಲ್ಲರಿಗಿಂತ ಮೊದಲು ಅವನೊಬ್ಬನನ್ನು ಕರೆದು ತಾಟಿನ ಮುಂದೆ ಕೂರಿಸುವುದು ಅವನ ಬಾಲ್ಯದಿಂದ ನಡೆದುಬಂದ ಪದ್ಧತಿ.

ಅವನು ಸೋಮಾರಿಯಲ್ಲ. ಸೋಮಾರಿಯಾಗಿದ್ದರೆ ಬೈದು ಸರಿ ಮಾಡಬಹುದಿತ್ತು. ಅವನ ರೋಗವೇ ಬೇರೆ. ಏನು ಮಾಡಿದರೂ ಅವನಿಗೆ ಅದು ಮುಗಿದಂತೆ ಕಾಣುವುದಿಲ್ಲ. ಸಾಲೆಯಲ್ಲಿ ಚಿತ್ರಕಲೆಯ ಮಾಸ್ತರು ಹಾಳೆಯ ಒಂದು ತುದಿ ಹಿಡಿದು ಎಳೆಯುತ್ತಿದ್ದರೆ ಇವನು ಇನ್ನೊಂದು ತುದಿ ಹಿಡಿದು ಎಲೆಗೆ ನೆರಳು ತುಂಬುತ್ತಿದ್ದ. ಡಿಪ್ಲೊಮಾ ಮುಗಿಸಿ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಗೆ ಸೇರಿದಾಗ ಅಲ್ಲಿ ಅವನಿಗೆ ಹೇಳಿ ಮಾಡಿಸಿದ ಕೆಲಸವೇ ಸಿಕ್ಕಿತು. ಎರಕ ಹೊಯ್ದು ಬಂದ ಕಬ್ಬಿಣದ ಭಾಗಗಳನ್ನು ಪರೀಕ್ಷಿಸಿ, ಕೂದಲೆಳೆಯಷ್ಟು ಬಿರುಕು ಕಂಡರೂ ಬದಿಗೆ ತಳ್ಳುವುದು. ಕೆಲವು ವರ್ಷ ಅದನ್ನೇ ಮಾಡಿದ. ಅಲ್ಲಿಂದ ಅವನು ಸಂಬಳಕ್ಕಿಂತ ಗಟ್ಟಿಯಾಗಿ ಮನೆಗೆ ತಂದದ್ದು ಆ ತಳ್ಳುವ ಅಭ್ಯಾಸವನ್ನು.

ಅಪ್ಪ ಬಾಹುಬಲಿ ತೀರಿಕೊಂಡ ಮೇಲೆ ಸುಯೋಗ ನೌಕರಿ ಬಿಟ್ಟು ಕ್ಯಾಮೆರಾ ಹಿಡಿದ. ಹಿಂದವಾಡಿಯ ನಮ್ಮ ಮನೆಯ ಮಾಳಿಗೆಯ ಕೋಣೆಯೇ ಅವನ ಸ್ಟುಡಿಯೊ ಆಯಿತು. ನಾನು ಬ್ರಾಹ್ಮಿ, ಅವನ ಅಕ್ಕ. ಮದುವೆಯಾಗಿ ಎರಡು ಓಣಿ ಆಚೆ ಇದ್ದೇನೆ. ಮದುಮಕ್ಕಳಿಗೆ ಸೀರೆ ಉಡಿಸಿ ಅಲಂಕಾರ ಮಾಡುವುದು ನನ್ನ ಕಸುಬು. ಮದುವೆ ಮನೆಗಳಲ್ಲಿ ನಾವಿಬ್ಬರೂ ಜೋಡಿ. ನಾನು ಅರ್ಧ ತಾಸಿನಲ್ಲಿ ಮದುಮಗಳನ್ನು ಸಿದ್ಧಮಾಡಿ ನಿಲ್ಲಿಸುತ್ತೇನೆ. ಅವನು ಬೆಳಕು ನೋಡುತ್ತಾ ನಿಲ್ಲುತ್ತಾನೆ. ಅಕ್ಷತೆ ಹಿಡಿದು ಕೂತ ಬೀಗರು ನನ್ನ ಮುಖ ನೋಡುತ್ತಾರೆ.

ಆಷಾಢದಲ್ಲಿ ಮದುವೆಗಳಿಲ್ಲ. ಆಗ ಊರಿನ ಫೋಟೋಗ್ರಾಫರುಗಳೆಲ್ಲ ಕೊಲ್ಯಾಬ್ ಶೂಟ್ ಮಾಡುತ್ತಾರೆ. ಅದರ ಕರಾರು ಸರಳ. ಮಾಡೆಲ್ ಆಗಬೇಕೆಂದಿರುವ ಹುಡುಗಿಯೋ ಹುಡುಗನೋ ತಮ್ಮ ಒಂದು ದಿನ ಕೊಟ್ಟು ಕ್ಯಾಮೆರಾ ಮುಂದೆ ನಿಲ್ಲುತ್ತಾರೆ, ಫೋಟೋಗ್ರಾಫರ್ ತನ್ನ ಕೈಚಳಕ ಕೊಡುತ್ತಾನೆ. ಹಣದ ಮಾತಿಲ್ಲ. ಬಂದ ಫೋಟೋಗಳು ಇಬ್ಬರಿಗೂ ಸೇರಿದವು. ಅವನು ತನ್ನ ಪೇಜಿಗೆ ಹಾಕಿಕೊಂಡು ಗಿರಾಕಿಗಳನ್ನು ಸೆಳೆಯಬೇಕು, ಅವರು ತಮ್ಮ ಪೋರ್ಟ್‌ಫೋಲಿಯೊದಲ್ಲಿ ಇಟ್ಟುಕೊಂಡು ಕೆಲಸ ಹುಡುಕಬೇಕು. ಕೇಳಲು ಎಷ್ಟು ಚೆಂದ! ಆದರೆ ಕ್ಯಾಮೆರಾ ಯಾರ ಕೈಯಲ್ಲಿರುತ್ತದೋ ಫೋಟೋಗಳೂ ಅವರ ಕೈಯಲ್ಲೇ ಇರುತ್ತವೆ ಎನ್ನುವುದನ್ನು ಯಾವ ಕರಾರಿನಲ್ಲೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ರಾಧಿಕಾಳನ್ನು ಕರೆತಂದವಳು ನಾನೇ. ಅವಳ ಚಿಕ್ಕಪ್ಪನ ಮಗಳ ಮದುವೆಗೆ ಸೀರೆ ಉಡಿಸಲು ಖಾನಾಪುರಕ್ಕೆ ಹೋದಾಗ ನನ್ನ ಪಕ್ಕದಲ್ಲಿ ನಿಂತು ಪಿನ್ನು ಕೊಡುತ್ತಿದ್ದ ಎತ್ತರದ ಹುಡುಗಿ. ಉದ್ಯಮಬಾಗದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತಾಳೆ, ದಿನಾ ಖಾನಾಪುರದಿಂದ ಬಸ್ಸಿನಲ್ಲಿ ಓಡಾಡುತ್ತಾಳೆ. ನಕ್ಕರೆ ತುಟಿ ಒಂದು ಬದಿಗೆ ಮಾತ್ರ ಹೋಗುತ್ತದೆ. ಆ ಸೊಟ್ಟ ನಗು ನೋಡಿದವರು ಮತ್ತೊಮ್ಮೆ ತಿರುಗಿ ನೋಡುತ್ತಾರೆ. ಅದು ಅವಳಿಗೂ ಗೊತ್ತಿತ್ತು.

"ಅಕ್ಕಾ, ನಿಮ್ಮ ತಮ್ಮ ಕೊಲ್ಯಾಬ್ ಮಾಡ್ತಾರಂತಲ್ರಿ. ನನ್ನೂ ತಗೀತಾರೇನು ಕೇಳ್ರಿ," ಎಂದಳು.

ಅವಳಿಗೆ ಫೋಟೋ ಬೇಕಾಗಿದ್ದದ್ದು ಶೋಕಿಗೆ ಅಲ್ಲ. ಹುಬ್ಬಳ್ಳಿಯ ಒಂದು ಸೀರೆ ಕಂಪನಿಯವರು ದೀಪಾವಳಿಯ ಕ್ಯಾಟಲಾಗಿಗೆ ನಮ್ಮ ಕಡೆಯ ಹೊಸ ಮುಖಗಳನ್ನು ಹುಡುಕುತ್ತಿದ್ದರು. ಗಣಪತಿ ಕೂರುವುದರೊಳಗೆ ಒಳ್ಳೆಯ ಕ್ಯಾಮೆರಾದಲ್ಲಿ ತೆಗೆದ ದೊಡ್ಡ ಸೈಜಿನ ಫೋಟೋಗಳನ್ನು ಕಳಿಸಬೇಕಿತ್ತು. ಮೊಬೈಲಿನಲ್ಲಿ ತೆಗೆದದ್ದು ನಡೆಯುತ್ತಿರಲಿಲ್ಲ. ರಾಧಿಕಾಳ ತಂದೆ ತ್ರ್ಯಂಬಕರಾವ್ ಖಾನಾಪುರದ ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಮಗಳು ಸೀರೆ ಉಟ್ಟು ಪುಸ್ತಕದಲ್ಲಿ ನಿಲ್ಲುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ತಾಯಿ ಕುಂದಾ ಹೇಗೋ ಪುಸಲಾಯಿಸಿ, ಇದೊಂದು ಸಲ ನೋಡಲಿ, ಆಗದಿದ್ದರೆ ಅವಳೇ ಈ ಹುಚ್ಚು ಬಿಡುತ್ತಾಳೆ ಎಂದು ಒಪ್ಪಿಸಿದ್ದರು. ಒಂದೇ ಸಲ ಎನ್ನುವ ಮಾತನ್ನು ರಾಧಿಕಾ ನನಗೂ ಹೇಳಿದ್ದಳು, ಸುಯೋಗನಿಗೂ ಹೇಳಿದ್ದಳು. ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಆಷಾಢದ ಒಂದು ರವಿವಾರ ಮಳೆ ಬಿಡುವು ಕೊಟ್ಟಿತ್ತು. ನಾವು ಖಾನಾಪುರಕ್ಕೆ ಹೋದೆವು. ಕುಂದಾಬಾಯಿ ತಮ್ಮ ಮದುವೆಯ ಶಹಾಪುರ ಸೀರೆಯನ್ನು ಟ್ರಂಕಿನಿಂದ ತೆಗೆದು, ಮಡಿಕೆಯ ಮೇಲೆ ಕೈಯಾಡಿಸಿ ನನ್ನ ಕೈಗೆ ಕೊಟ್ಟರು. "ಚಂದ ಉಡಸ್ರಿ ಬಾಯಿ, ನಾ ಉಟ್ಟಿದ್ದ ಅವತ್ತೊಂದ ದಿವಸ," ಎಂದರು. ಮಲಪ್ರಭೆಯ ಘಾಟಿನ ಮೆಟ್ಟಿಲ ಮೇಲೆ, ಕೆಂಪು ನೀರನ್ನು ಬೆನ್ನಿಗೆ ಮಾಡಿಕೊಂಡು ರಾಧಿಕಾ ನಿಂತಳು. ಸೀರೆ ಉಡಿಸುವುದು ನನ್ನ ಅನ್ನ, ಎಷ್ಟೋ ನೂರು ಹೆಣ್ಣುಮಕ್ಕಳನ್ನು ನಿಲ್ಲಿಸಿ ನೋಡಿದ್ದೇನೆ. ಆದರೂ ಅವತ್ತು ನನ್ನ ಕಣ್ಣು ತುಂಬಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕಲ್ಲಿನ ಮೇಲೆ ಬಟ್ಟೆ ಬಿಟ್ಟು ನೋಡುತ್ತಾ ಕೂತರು. ಸುಯೋಗನಂತೂ ಬೆಳಕು ಹೋಗುವವರೆಗೆ ಒಂದೇ ಸಮನೆ ತೆಗೆದ.

ಕೊನೆಗೆ ರಾಧಿಕಾ ಕೇಳಿದಳು. "ಸರ್, ಗಣಪತಿ ಕುಂದ್ರೂದ್ರೊಳಗ ಸಿಗತಾವಲ್ರಿ?"

"ಅಯ್ಯ, ಅದಕ್ಕಿಂತ ಎಷ್ಟೋ ಮೊದಲ ಕೊಡ್ತೀನಿ," ಎಂದ ನನ್ನ ತಮ್ಮ. ಸುಳ್ಳು ಹೇಳಲಿಲ್ಲ. ಅವನಿಗೆ ಹಾಗೇ ಅನ್ನಿಸಿತ್ತು.

ಅವತ್ತೇ ಸಂಜೆ ಎರಡು ಫೋಟೋಗಳು ಅವನ ಇನ್‌ಸ್ಟಾಗ್ರಾಂ ಪೇಜಿನಲ್ಲಿ ಬಂದವು. ಒಂದರಲ್ಲಿ ರಾಧಿಕಾ ಸೆರಗು ಹಿಡಿದು ಮೆಟ್ಟಿಲು ಇಳಿಯುತ್ತಿದ್ದಾಳೆ. ಇನ್ನೊಂದರಲ್ಲಿ ಮುಖ ಮಾತ್ರ, ಆ ಸೊಟ್ಟ ನಗು. ಬೆಳಗಾವಿಯ ಹುಡುಗಿಯರೆಲ್ಲ ಅದರ ಮೇಲೆ ಮುಗಿಬಿದ್ದರು. ಶ್ರಾವಣದಲ್ಲಿ ಮದುವೆ ಇಟ್ಟುಕೊಂಡವರು ಒಬ್ಬರ ಹಿಂದೆ ಒಬ್ಬರು ಫೋನು ಮಾಡಿದರು. "ಆ ಹೊಳಿ ದಂಡಿ ಫೋಟೋ ಐತಲ್ರಿ, ಹಂಗ ನಮಗೂ ತಗೀರಿ." ರಾಧಿಕಾಳ ಮುಖ ನೋಡಿ ಬಂದ ಮದುವೆಗಳಿಂದ ಅವನ ಶ್ರಾವಣ ತುಂಬಿಹೋಯಿತು. ನನ್ನದೂ ತುಂಬಿತು, ಸುಳ್ಳೇಕೆ ಹೇಳಲಿ.

ಉಳಿದ ಫೋಟೋಗಳು ಮಾಳಿಗೆಯ ಕೋಣೆಯಲ್ಲಿ, ಹಾರ್ಡ್ ಡಿಸ್ಕಿನ ಹೊಟ್ಟೆಯಲ್ಲಿ ಮಲಗಿದ್ದವು.

ರಾಧಿಕಾ ಮೊದಮೊದಲು ನಗುವ ಚಿತ್ರ ಹಚ್ಚಿ ಮೆಸೇಜು ಮಾಡುತ್ತಿದ್ದಳು. ಆಮೇಲೆ ಚಿತ್ರ ಬಿಟ್ಟು ಬರೀ ಮಾತು ಉಳಿಯಿತು. ಸುಯೋಗ ಪ್ರತಿ ಸಲವೂ ಉತ್ತರಿಸುತ್ತಿದ್ದ. ಎಡಿಟಿಂಗ್ ನಡೆದಿದೆ, ಬಣ್ಣ ಕೂಡುತ್ತಿಲ್ಲ, ಈ ವಾರ ಖಂಡಿತ. ಅವನು ನಿಜವಾಗಿಯೂ ಆಗಾಗ ಅವಳ ಫೋಟೋ ತೆಗೆದು ಕೂರುತ್ತಿದ್ದ. ಒಂದು ಫೋಟೋದಲ್ಲಿ ನೀರಿನ ಕೆಂಪು ಸೀರೆಯ ಅಂಚಿನ ಕೆಂಪಿಗೆ ಹೊಂದುವುದಿಲ್ಲ ಎಂದು ಒಂದಿಡೀ ಮಧ್ಯಾಹ್ನ ಕೂತು, ಮತ್ತೆ ಮದುವೆಯ ಆಲ್ಬಮ್ಮಿನವರು ಫೋನು ಮಾಡಿದರೆಂದು ಎದ್ದು ಹೋಗುತ್ತಿದ್ದ. ಅಳೆದೂ ಸುರಿದೂ ಅಷ್ಟೇ. ಹಣ ಕೊಟ್ಟವರು ಗದರಿಸಬಹುದು. ಹಣವಿಲ್ಲದ ಕರಾರಿನವರಿಗೆ ಗದರಿಸುವ ಹಕ್ಕೂ ಇಲ್ಲವೆಂದು ಎಲ್ಲರೂ ತಿಳಿದಂತಿತ್ತು, ರಾಧಿಕಾಳೂ ಸೇರಿ.

ಗಣಪತಿ ಹಬ್ಬ ಇನ್ನೇನು ಬಂತು ಎನ್ನುವಾಗ ಅವಳು ಉದ್ಯಮಬಾಗದಿಂದ ಆಫೀಸು ಬಿಟ್ಟು ನೇರ ನಮ್ಮ ಮನೆಗೇ ಬಂದಳು. ನಾನೂ ಅಲ್ಲೇ ಇದ್ದೆ. ನಿಂತುಕೊಂಡೇ ಮಾತಾಡಿದಳು, ಕೂರಲಿಲ್ಲ.

"ಸರ್, ಎಡಿಟ್ ಮಾಡದಿದ್ರೂ ಅಡ್ಡಿಯಿಲ್ರಿ. ಹೆಂಗ ತಗದೀರಿ ಹಂಗ ಕೊಟ್ಟುಬಿಡ್ರಿ. ಪೆನ್ ಡ್ರೈವ್ ತಂದೀನಿ."

"ಹಸೀ ಫೋಟೋ ನಾ ಯಾರಿಗೂ ಕೊಟ್ಟಿಲ್ಲ ರಾಧಿಕಾ. ಅದು ನನ್ನ ಹೆಸರಿನ ಪ್ರಶ್ನೆ. ಅರ್ಧಾ ಬೆಂದ ಅನ್ನ ಮಂದಿಗೆ ಬಡಸ್ತಾರೇನು?"

"ಹಸದಾವ್ರಿಗೆ ನಡೀತದರಿ."

"ಎರಡ ದಿವಸ ತಡಿ. ಪೂರಾ ಮಾಡೇ ಕೊಡ್ತೀನಿ."

ಅವಳು ನನ್ನ ಕಡೆ ನೋಡಿದಳು. ಕೊಡೋ ಮಾರಾಯಾ, ಅವಳ ಫೋಟೋ ಅವಳಿಗೆ ಕೊಡೋದಕ್ಕೆ ಏನು ಮುಹೂರ್ತ ನೋಡ್ತೀ ಎಂದು ನಾನೂ ರೇಗಿದೆ. ಅವನು ಮಾಳಿಗೆಗೆ ಹತ್ತಿ ಹೋದ. ಕಂಪ್ಯೂಟರಿನ ಮುಂದೆ ಕೂತ ಸದ್ದು ಕೇಳಿತು. ಅವಳು ಪೆನ್ ಡ್ರೈವನ್ನು ಮತ್ತೆ ಪರ್ಸಿನಲ್ಲಿ ಹಾಕಿಕೊಂಡು ಖಾನಾಪುರದ ಬಸ್ಸಿಗೆ ಹೋದಳು.

ಎರಡು ದಿನಕ್ಕೆ ಗಣಪತಿ ಕೂತ. ನಮ್ಮೂರಿನ ಗಣಪತಿ ಎಂದರೆ ಗೊತ್ತಲ್ಲ, ಓಣಿಗೊಂದು ಮಂಡಳ, ಮಂಡಳಕ್ಕೊಂದು ಮಂಟಪ, ಅವರಿಗೆಲ್ಲ ಫೋಟೋ ಬೇಕು. ಸುಯೋಗ ಹಗಲೆಲ್ಲ ಹೊರಗೇ ಇರುತ್ತಿದ್ದ. ಚೌತಿಯ ಮರುದಿನದಿಂದ ನಮ್ಮ ದಶಲಕ್ಷಣ ಪರ್ವವೂ ಶುರು. ಮನೆಯಲ್ಲಿ ಗಡ್ಡೆಗೆಣಸು ಬಂದ್, ಅವ್ವನಿಗೆ ಒಪ್ಪತ್ತು, ಬಸದಿಯಲ್ಲಿ ಪೂಜೆ. ಮೊದಲ ದಿನ ಉತ್ತಮ ಕ್ಷಮೆ, ಆಮೇಲೆ ಮಾರ್ದವ, ಆರ್ಜವ ಎಂದು ದಿನಕ್ಕೊಂದು ಧರ್ಮವನ್ನು ನೆನೆಯುತ್ತೇವೆ. ರಾಧಿಕಾಳ ಮೆಸೇಜುಗಳು ನಿಂತುಹೋಗಿದ್ದವು. ಬಹುಶಃ ಕೆಲಸ ಆಗಿರಬೇಕು, ಮೊಬೈಲ್ ಫೋಟೋನೇ ಕಳಿಸಿರಬೇಕು ಎಂದ ಸುಯೋಗ. ನಮಗೆ ಬೇಕಾದದ್ದನ್ನು ನಂಬುವುದಕ್ಕೆ ನಮಗೆ ಯಾರ ಎಡಿಟಿಂಗೂ ಬೇಕಾಗುವುದಿಲ್ಲ.

ಪರ್ವ ಮುಗಿದ ಮೇಲೆ ಬರುವುದು ಕ್ಷಮಾವಾಣಿ. ಅವತ್ತು ತಿಳಿದೋ ತಿಳಿಯದೆಯೋ ನೋಯಿಸಿದವರ ಬಳಿ ಹೋಗಿ ಕೈಮುಗಿದು ಕ್ಷಮೆ ಕೇಳಬೇಕು. ನಾವು ಚಿಕ್ಕವರಿದ್ದಾಗ ಅಪ್ಪ ಧೋತರ ಉಟ್ಟು ಮನೆಮನೆಗೆ ಹೋಗುತ್ತಿದ್ದರು. ವರ್ಷವಿಡೀ ಮಾತು ಬಿಟ್ಟ ದಾಯಾದಿಗಳ ಬಾಗಿಲಿಗೂ ಹೋಗಿ ನಿಲ್ಲುತ್ತಿದ್ದರು. ಈಗ ಎಲ್ಲರ ಮನೆಯಲ್ಲೂ ಮೊಬೈಲಿನ ಹೆಬ್ಬೆರಳೇ ಆ ಕೆಲಸ ಮಾಡುತ್ತದೆ. ಕಮಲದ ಹೂವಿನ ಚಿತ್ರ, ಕೈಮುಗಿದ ಚಿತ್ರ, ಕೆಳಗೆ ಉತ್ತಮ ಕ್ಷಮಾ. ಸುಯೋಗನದು ಮಾತ್ರ ಊರವರ ಹಾಗೆ ಎಲ್ಲಿಂದಲೋ ಬಂದದ್ದಲ್ಲ. ಬಸದಿಯ ದೀಪದ ಫೋಟೋವನ್ನು ತಾನೇ ತೆಗೆದು, ಅಕ್ಷರ ತಾನೇ ಕೂರಿಸಿ, ಜ್ವಾಲೆಯ ಹಳದಿ ಸರಿಬರುವ ತನಕ ತಿದ್ದಿ ಮಾಡಿದ ಕಾರ್ಡು. ಅದಕ್ಕೆ ಅವನ ಬಳಿ ಒಂದಿಡೀ ಸಂಜೆ ಇತ್ತು.

ಬೆಳಿಗ್ಗೆ ಬಸದಿಯಿಂದ ಬಂದು ಒಂದೇ ಸಲಕ್ಕೆ ಎಲ್ಲರಿಗೂ ಕಳಿಸಿದ. ಗಿರಾಕಿಗಳು, ಗೆಳೆಯರು, ಬೀಗರು, ಹಳೆಯ ಫೌಂಡ್ರಿಯವರು. ಉತ್ತಮ ಕ್ಷಮಾ, ಉತ್ತಮ ಕ್ಷಮಾ ಎಂದು ಫೋನು ಟಿಣ್ ಟಿಣ್ ಎನ್ನುತ್ತಿತ್ತು. ನಾನು ಅವ್ವನ ಪಾದ ಮುಟ್ಟಿ ಎದ್ದು ಚಹಾಕ್ಕೆ ಕೂತಿದ್ದೆ. ಆಗ ಅವನ ಮುಖ ಒಮ್ಮೆಲೇ ಇಳಿದದ್ದು ಕಂಡೆ. ಫೋನನ್ನು ನನ್ನ ಕೈಗೆ ಕೊಟ್ಟ. ರಾಧಿಕಾಳ ಉತ್ತರವನ್ನು ನಾನು ಗಟ್ಟಿಯಾಗಿ ಓದಿದೆ.

"ಸರ್, ಹುಬ್ಬಳ್ಳಿಯವರದು ಆಯ್ಕೆ ಮುಗೀತು. ಕ್ಷಮಾ ಎಲ್ಲಾರಿಗೂ ಒಂದ ಸಲಕ್ಕ ಕಳಿಸಾಕ ಬರತೈತಿ, ಒಬ್ಬಾಕಿಗೆ ಆಕಿ ಫೋಟೋ ಕಳಿಸಾಕ ಬರಲಿಲ್ಲ. ನಾ ಕ್ಷಮಾ ಮಾಡೂದಿಲ್ರಿ."

"ಹಿಂಗೂ ಅಂತಾರೇನಕ್ಕಾ?" ಎಂದ ಸುಯೋಗ. ಕೋಪವಿರಲಿಲ್ಲ, ನಿಜವಾಗಿಯೂ ಕೇಳಿದ. ಕ್ಷಮಾವಾಣಿಯ ದಿನ ನಾವು ಕೇಳುವ ಕ್ಷಮೆಗೆ ಒಂದು ಅನುಕೂಲವಿದೆ, ಅದನ್ನು ಯಾರೂ ಇಲ್ಲ ಎನ್ನುವುದಿಲ್ಲ. ಕೇಳುವುದೂ ಪದ್ಧತಿ, ಕೊಡುವುದೂ ಪದ್ಧತಿ. ಇಷ್ಟು ವರ್ಷ ಎಷ್ಟು ಜನರಿಗೆ ಎಷ್ಟು ಸಲ ಉತ್ತಮ ಕ್ಷಮಾ ಎಂದಿದ್ದೇನೆ, ಅದರಲ್ಲಿ ಯಾವ ತಪ್ಪಿಗೆ ಎಂದು ಒಮ್ಮೆಯಾದರೂ ನೆನೆದಿದ್ದೇನೆಯೇ ಎಂದು ನನಗೇ ಸಂಕೋಚವಾಯಿತು. ರಾಧಿಕಾ ನಮ್ಮವಳಲ್ಲ. ನಮ್ಮ ಪದ್ಧತಿಯ ಮರ್ಯಾದೆ ಅವಳಿಗೆ ಗೊತ್ತಿರಲಿಲ್ಲ. ಅದಕ್ಕೇ ಸುಯೋಗ ಕೇಳಿದ್ದನ್ನು ಕೇಳಿದ ಹಾಗೇ ತೆಗೆದುಕೊಂಡು ಅವಳು ಉತ್ತರ ಕೊಟ್ಟಿದ್ದಳು.

ಅವ್ವ ಒಳಗಿನಿಂದ ಎಲ್ಲ ಕೇಳಿಸಿಕೊಂಡು ಬಂದಳು. "ಏನೈತೋ ಅದು? ಯಾರ ಫೋಟೋ?"

ಸುಯೋಗ ಹೇಳಿದ. ಅವ್ವನಿಗೆ ಇನ್‌ಸ್ಟಾಗ್ರಾಂ ತಿಳಿಯುವುದಿಲ್ಲ, ಆದರೆ ಹೊಲ ತಿಳಿಯುತ್ತದೆ.

"ಅಂದ್ರ ಇದು ಮುಯ್ಯಾಳಿನ ಲೆಕ್ಕಾನ ಅಲ್ಲೇನೋ? ನಮ್ಮ ತವರಮನ್ಯಾಗ ಇವತ್ತ ಅವರು ನಮ್ಮ ಹೊಲಕ್ಕ ಕಳೆ ತಗ್ಯಾಕ ಬಂದ್ರ, ನಾಳೆ ನಾವು ಅವರ ಹೊಲಕ್ಕ ಹೋಗೂದು. ರೊಕ್ಕಿಲ್ಲ, ಕೂಲಿಯಿಲ್ಲ. ತನ್ನ ಹೊಲ ಹಸನ ಮಾಡಿಸಿಕೊಂಡು ಮಂದಿ ಹೊಲಕ್ಕ ಹೋಗದ ಕುಂತಾವಗ ಊರಾಗ ಏನಂತಿದ್ರು ಗೊತ್ತೈತೇನು?"

"ಏನಂತಿದ್ರವ್ವಾ?"

"ಏನೂ ಅಂತಿರಲಿಲ್ಲ. ಮುಂದಿನ ವರ್ಷ ಅವನ ಹೊಲಕ್ಕ ಯಾರೂ ಬರ್ತಿರಲಿಲ್ಲ."

"ಅವ್ವಾ, ಕೆಟ್ಟ ಫೋಟೋ ಕೊಡಬಾರದಂತ..."

"ನಿನ್ನವ ಎರಡು ಅವತ್ತ ಹಾಕಿದ್ದಿಯಲ್ಲ, ಅವು ಹೆಂಗ ಲಗೂ ತಯಾರಾದ್ವು?"

ಇಷ್ಟು ದಿನ ನಾನು ಚೀರಾಡಿ ಹೇಳಲಾಗದ್ದನ್ನು ಅವ್ವ ತಣ್ಣಗೆ ಹೇಳಿ ಮುಗಿಸಿದ್ದಳು. ಎದ್ದು ಹೋಗಿ ಕೊಟ್ಟು ಬಾ, ಕ್ಷಮಾ ಎದುರಿಗೆ ನಿಂತು ಕೇಳಬೇಕು, ಹೊತ್ತು ಮುಳುಗೂದ್ರೊಳಗೆ ಎಂದಳು.

ಅವನು ಮಾಳಿಗೆ ಹತ್ತಿದ. ಊಟಕ್ಕೂ ಇಳಿಯಲಿಲ್ಲ. ಮಧ್ಯಾಹ್ನ ಪೆನ್ ಡ್ರೈವ್ ಹಿಡಿದು ಕೆಳಗೆ ಬಂದಾಗ ಅವನ ಮುಖದಲ್ಲಿ ಕೆಲಸ ಮುಗಿದ ಸಮಾಧಾನವಿರಲಿಲ್ಲ. "ಎಲ್ಲಾ ಆತು ಅಕ್ಕಾ," ಎಂದ. ಸ್ಕೂಟರಿನ ಕೀಲಿ ತೆಗೆದುಕೊಳ್ಳುತ್ತಾ ತಾನೇ ಹೇಳಿದ, "ಇಷ್ಟ ಇತ್ತು ಕೆಲಸ." ಎರಡು ತಿಂಗಳು ಕಾಯಿಸಿದ್ದು ಅರ್ಧ ದಿನದ ಕೆಲಸಕ್ಕೆ. ನನಗೆ ಅವನ ಕಪಾಳಕ್ಕೆ ಬಿಗಿಯಬೇಕೆನಿಸಿತು, ಅವನನ್ನು ನೋಡಿ ಅಷ್ಟೇ ಅಯ್ಯೋ ಎಂದೂ ಅನಿಸಿತು. ಸ್ಕೂಟರಿನ ಹಿಂದೆ ನಾನೂ ಹತ್ತಿ ಕೂತೆ. ಸೀರೆ ಉಡಿಸಿದವಳು ನಾನು, ನನ್ನ ಮುಖವೂ ಅಲ್ಲಿ ಕಾಣಬೇಕಿತ್ತು.

ಉದ್ಯಮಬಾಗ ದಾಟಿ, ಪೀರನವಾಡಿ ದಾಟಿ ಖಾನಾಪುರ ಮುಟ್ಟಿದೆವು. ಅವತ್ತು ರಾಧಿಕಾಳಿಗೆ ವಾರದ ಸೂಟಿ. ಬಾಗಿಲು ತೆಗೆದವರು ತ್ರ್ಯಂಬಕರಾವ್, ಶೂಟಿನ ದಿನ ಅವರು ಮನೆಯಲ್ಲಿರಲಿಲ್ಲ. ಸುಯೋಗನನ್ನು ಮೇಲಿಂದ ಕೆಳಗೆ ನೋಡಿದರು.

"ಬರ್ರಿ. ನೀವ ಏನು ಆ ಫೋಟೋದವರು?"

"ಹೌದ್ರಿ."

"ನನ್ನ ಮಗಳ ಫೋಟೋ ಪ್ಯಾಟ್ಯಾಗ ಮಂದಿ ಮೊಬೈಲ್‌ದಾಗ ನೋಡ್ಯಾರ. ನಮ್ಮ ಮನ್ಯಾಗ ಮಾತ್ರ ಬಂದಿಲ್ಲ. ಉಳಿದ ಫೋಟೋ ಯಾರ ಕಡೆ ಅದಾವ, ಏನ ಮಾಡ್ಯಾರ ಅಂತ ಕೇಳಿದ್ರ ನಾ ಏನ ಹೇಳ್ಬೇಕ್ರಿ? ಮಗಳನ್ನ ಬೈದೆ. ಮತ್ಯಾರನ್ನ ಬೈಲಿ?"

ನಾನು ಇಲ್ಲದ ನೆಪ ಹೇಳಲು ಬಾಯಿ ತೆರೆದಿದ್ದೆ, ಹಬ್ಬದ ಗಡಿಬಿಡಿ, ಕಂಪ್ಯೂಟರು ಕೆಟ್ಟಿತ್ತು ಇತ್ಯಾದಿ. ಸುಯೋಗ ನನ್ನ ಕೈ ಮುಟ್ಟಿ ಸುಮ್ಮನಾಗಿಸಿದ. ಕುಂದಾಬಾಯಿ ಬಂದು, ಬಾಗಿಲಾಗ ಯಾಕ ನಿಲ್ಲಿಸೀರಿ, ಒಳಗ ಬಂದು ಕುಂದರ್ರಿ ಎಂದು ಚಾಪೆ ಹಾಸಿದರು. ರಾಧಿಕಾ ಒಳಗಿನ ಬಾಗಿಲಿಗೆ ಒರಗಿ ನಿಂತಿದ್ದಳು. ಅವನು ಎರಡೂ ಕೈಯಲ್ಲಿ ಪೆನ್ ಡ್ರೈವ್ ಹಿಡಿದು ಅವಳ ಮುಂದೆ ಚಾಚಿದ. ಅವಳು ತೆಗೆದುಕೊಂಡು ಟಿವಿಗೆ ಹಚ್ಚಿದಳು.

ಮೊದಲ ಫೋಟೋ ಬಂತು. ಕೆಂಪು ನೀರು, ಕೆಂಪು ಅಂಚು, ಒದ್ದೆ ಮೆಟ್ಟಿಲಿನ ಮೇಲೆ ಬರಿಗಾಲು. ಆಮೇಲೆ ಒಂದರ ಹಿಂದೆ ಒಂದು. ಸೆರಗು ಗಾಳಿಗೆ ಎದ್ದದ್ದು, ಅವಳು ಯಾವುದೋ ಮಾತಿಗೆ ತಿರುಗಿದ್ದು, ಬಟ್ಟೆ ಒಗೆಯುವ ಹೆಂಗಸರ ನಡುವೆ ಕೂತು ಆ ಸೊಟ್ಟ ನಗು ನಕ್ಕದ್ದು. ಅವನ ಅಕ್ಕನಾಗಿ ಹೇಳುತ್ತಿಲ್ಲ. ನನ್ನ ತಮ್ಮ ಅಷ್ಟು ಒಳ್ಳೆಯ ಕೆಲಸವನ್ನು ಹಿಂದೆ ಮಾಡಿರಲಿಲ್ಲ. ಕುಂದಾಬಾಯಿ ಟಿವಿಯ ಹತ್ತಿರ ಹೋಗಿ ಸೀರೆಯ ಮೇಲೆ ಬೆರಳಿಟ್ಟು, "ನೋಡ್ರಿ, ನಮ್ಮ ಲಗ್ನದ ಸೀರಿ," ಎಂದರು. ತ್ರ್ಯಂಬಕರಾವ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಹಿಂಗ ಕಾಣ್ತಾಳ ನಮ್ಮ ಹುಡುಗಿ?" ಎಂದರು. ಕೇಳಿದ್ದು ಯಾರನ್ನೋ ತಿಳಿಯಲಿಲ್ಲ. "ಇವನ್ನ ನೋಡಿದ್ರ ಹುಬ್ಬಳ್ಳಿಯವರು ಬ್ಯಾಡ ಅಂತಿದ್ರೇನು?"

ನನಗೆ ಎದೆ ಹಗುರಾಯಿತು. ಫೋಟೋ ನೋಡಿ ಅಪ್ಪನೇ ಕರಗಿದ ಮೇಲೆ ಮಗಳು ಕರಗದೆ ಇರುತ್ತಾಳೆಯೇ ಎಂದುಕೊಂಡೆ. ಸುಯೋಗನೂ ಹಾಗೇ ಎಣಿಸಿರಬೇಕು. ಎದ್ದು ನಿಂತು ಕೈಮುಗಿದ.

"ರಾಧಿಕಾ, ನಂದು ತಪ್ಪಾತು. ಗೊತ್ತಿಲ್ದ ಅಲ್ಲ, ಗೊತ್ತಿದ್ದ ಆತು. ಕ್ಷಮಾ ಮಾಡು."

ಅವಳು ಟಿವಿಯನ್ನೇ ನೋಡುತ್ತಿದ್ದಳು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಇವು ಯಾವಾಗ ಮುಗದ್ವು ಸರ್?"

"ಇವತ್ತ."

"ಇವತ್ತ ಕುಂತು, ಇವತ್ತ ಮುಗಿಸಿದ್ರಿ?"

"ಹೌದು."

"ಭಾಳ ಛಲೋ ಬಂದಾವ್ರಿ," ಎಂದಳು. "ನಾ ದಿನಾ ಬಸ್ಸಿನ್ಯಾಗ ಏನ ಅಂದ್ಕೊಂತಿದ್ದೆ ಗೊತ್ತೇನ್ರಿ? ಫೋಟೋ ಛಲೋ ಬಂದಿರಲಿಕ್ಕಿಲ್ಲ, ನಾನ ಛಲೋ ಕಂಡಿರಲಿಕ್ಕಿಲ್ಲ, ಸರ್‌ಗೆ ಹೇಳಾಕ ಮನಸ್ಸಾಗವಲ್ದು, ಅದಕ್ಕ ಕೊಡವಲ್ರು. ಹಂಗ ಅಂದ್ಕೊಂಡು ಸಮಾಧಾನ ಮಾಡ್ಕೊಂಡಿದ್ದೆ. ಇವು ಕೆಟ್ಟ ಬಂದಿದ್ರ ನಾ ಈಗ ಕ್ಷಮಾ ಮಾಡಿಬಿಡ್ತಿದ್ದೆ."

"ರಾಧಿಕಾ, ಹಂಗ ಅನಬಾರದು. ಮನಿಗೆ ಬಂದು ಕೈಮುಗದಾರ," ಎಂದರು ಕುಂದಾಬಾಯಿ.

"ಚಹಾ ಮಾಡ್ತೀನಿ ಆಯಿ. ಕುಡದು ಹೋಗ್ಲಿ. ಅದೊಂದು ಮಾತ್ರ ಕೇಳಬ್ಯಾಡ್ರಿ," ಎಂದಳು ತಾಯಿಗೆ.

ಸುಯೋಗನ ಕೈ ಇನ್ನೂ ಮುಗಿದೇ ಇತ್ತು. ಇಳಿಸುವುದು ಹೇಗೆಂದು ತಿಳಿಯದವನಂತೆ ನಿಂತಿದ್ದ. ಕೊನೆಗೆ ಹೇಳಿದ, "ನನ್ನ ಪೇಜಿನ್ಯಾಗಿನ ಎರಡು ತಗದಬಿಡ್ತೀನಿ."

"ಇರ್ಲಿ ಬಿಡ್ರಿ," ಎಂದಳು ರಾಧಿಕಾ. "ಅವು ನಿಮ್ಮ ಪಾಲು. ನೀವು ನಿಮ್ಮದು ಅವತ್ತ ತಗೊಂಡ್ರಿ."

ಚಹಾ ಕುಡಿದೆವು. ತ್ರ್ಯಂಬಕರಾವ್ ರಸ್ತೆಯ ತನಕ ಬಂದು ಕಳಿಸಿಕೊಟ್ಟರು. ಮುಂದಿನ ವರ್ಷ ಇನ್ನೊಂದು ಸಲ ನೋಡು ಅಂತ ಹೇಳ್ತೀನಿ ಆಕಿಗೆ ಎಂದರು, ಆದರೆ ಅವರಿಗೂ ಅದರಲ್ಲಿ ನಂಬಿಕೆ ಇದ್ದಂತೆ ಕಾಣಲಿಲ್ಲ. ಮುಂದಿನ ವರ್ಷವೂ ಆ ಕಂಪನಿಗೆ ಹೊಸ ಮುಖಗಳೇ ಬೇಕಾಗುತ್ತವೆಂದು ಯಾರು ಹೇಳಬೇಕು?

ಆಮೇಲಿನ ಕೊಲ್ಯಾಬ್ ಶೂಟುಗಳಲ್ಲಿ ಸುಯೋಗ ಲ್ಯಾಪ್‌ಟಾಪನ್ನು ಜೊತೆಗೇ ಒಯ್ಯತೊಡಗಿದ. ಶೂಟು ಮುಗಿದ ಜಾಗದಲ್ಲೇ, ಕಟ್ಟೆಯೋ ಕಲ್ಲೋ ಸಿಕ್ಕಲ್ಲಿ ಕೂತು, ಎಲ್ಲ ಫೋಟೋಗಳನ್ನೂ ಹಸಿಯಾಗಿಯೇ ಮಾಡೆಲ್ಲಿಗೆ ಕೊಟ್ಟುಬಿಡುತ್ತಾನೆ. ತಿದ್ದಿದ್ದನ್ನೂ ಅವರಿಗೇ ಮೊದಲು ಕಳಿಸುತ್ತಾನೆ. ಅವರದು ತಲುಪಿತೆಂದು ಉತ್ತರ ಬರುವ ತನಕ ತನ್ನ ಪೇಜಿಗೆ ಒಂದನ್ನೂ ಹಾಕುವುದಿಲ್ಲ. ಕಣ್ಣು ಮುಚ್ಚಿದ, ಬಾಯಿ ಸೊಟ್ಟಗಾದ ಫೋಟೋಗಳು ಅವನ ಹೆಸರಿನಲ್ಲಿ ಊರೆಲ್ಲ ತಿರುಗುತ್ತಿವೆ. ಬೇರೆ ಫೋಟೋಗ್ರಾಫರುಗಳು ನಗುತ್ತಾರೆ. ಊಟಕ್ಕೆ ಮಾತ್ರ ಈಗಲೂ ಅಷ್ಟೇ ಹೊತ್ತು ಹಿಡಿಯುತ್ತದೆ.

ಅವನು ಬದಲಾದದ್ದನ್ನು ನೋಡಿ ಜನ ನನ್ನ ಬಳಿ ಹೊಗಳುತ್ತಾರೆ. ಬದಲಾಗಿದ್ದರಿಂದ ಮುಂದೆ ಬಂದವರಿಗೆ ಒಳ್ಳೆಯದಾಯಿತು, ರಾಧಿಕಾಳಿಗೆ ಏನೂ ಆಗಲಿಲ್ಲ. ಅವಳು ಈಗಲೂ ಅದೇ ಬಸ್ಸಿನಲ್ಲಿ ಉದ್ಯಮಬಾಗಕ್ಕೆ ಬರುತ್ತಾಳೆ. ಎದುರಾದರೆ ನನ್ನ ಜೊತೆ ಚೆನ್ನಾಗಿಯೇ ಮಾತಾಡುತ್ತಾಳೆ.

ಆ ಕ್ಷಮಾವಾಣಿಯ ಸಂಜೆ ಖಾನಾಪುರದಿಂದ ನಾವು ಹಿಂದವಾಡಿ ಮುಟ್ಟಿದಾಗ ಹೊತ್ತು ಇನ್ನೂ ಪೂರ್ತಿ ಮುಳುಗಿರಲಿಲ್ಲ. ಅವ್ವ ತಾಟು ಹಾಕಿ ಕಾಯುತ್ತಾ ಕೂತಿದ್ದಳು. 

"ಕೊಟ್ಟಿ?" ಎಂದಳು.

"ಕೊಟ್ಟೆ."

"ಕ್ಷಮಾ ಮಾಡಿದ್ಳೇನು?"

ಸುಯೋಗ ಕೈ ತೊಳೆದು ಬಂದು ತಾಟಿನ ಮುಂದೆ ಕೂತ.

"ಇಲ್ಲವ್ವಾ," ಎಂದ. "ಮಾಡಬಾರದು."

ಅವ್ವ ಅವನ ತಾಟಿಗೆ ಚಪಾತಿ ಹಾಕಿದಳು.